ನೂರ ನಲವತ್ತೆರಡು ಮಿಲ್ಲಿಮೀಟರ್

ಸಂಶೋಧನಾಲಯದಲ್ಲಿ ಅವಳ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದವರಿಗೆಲ್ಲ ಅವಳು ಅರೆಮಿಲ್ಲಿ. ಎದುರಿಗೆ ಸಿಕ್ಕರೆ ಅರೆಮಿಲ್ಲಿ ಅಕ್ಕ, ಬೆನ್ನು ತಿರುಗಿಸಿದರೆ ಬರೀ ಅರೆಮಿಲ್ಲಿ. ಅರ್ಧ ಮಿಲ್ಲಿಮೀಟರಿಗೋಸ್ಕರ ಅರ್ಧ ದಿನ ಜಗಳ ಕಾಯುವ ಹೆಂಗಸಿಗೆ ಇನ್ನೇನು ಹೆಸರಿಡುತ್ತಾರೆ?

ಅದು ನೀರಿನ ಸಂಶೋಧನಾಲಯ. ಎಲ್ಲಾದರೂ ಸೇತುವೆಯೋ ಅಣೆಕಟ್ಟೋ ಕಟ್ಟಬೇಕೆಂದರೆ ಮೊದಲು ಅದರ ಪುಟ್ಟ ಮಾದರಿಯನ್ನು ಇಲ್ಲಿ ಕಟ್ಟಿ, ಮೇಲೆ ನೀರು ಹರಿಸಿ, ಏನೇನು ಅನಾಹುತ ಆಗಬಹುದು ಅಂತ ನೋಡುತ್ತಿದ್ದರು. ತಗಡಿನ ಮಾಡಿನ ದೊಡ್ಡ ಶೆಡ್ಡು. ನಡುವೆ ನಲವತ್ತು ಮೀಟರ್ ಉದ್ದದ ಸಿಮೆಂಟಿನ ಕಾಲುವೆ, ತಳದಲ್ಲಿ ಜರಡಿ ಹಿಡಿದ ಮರಳು, ಒಂದು ತುದಿಯಲ್ಲಿ ಪಂಪು. ಕಾಲುವೆಯ ಎರಡೂ ದಂಡೆಯ ಮೇಲೆ ಹಳಿ, ಹಳಿಯ ಮೇಲೆ ಉರುಳುವ ಚೌಕಟ್ಟು, ಚೌಕಟ್ಟಿನಿಂದ ಕೆಳಗಿಳಿದ ಉಕ್ಕಿನ ಕಡ್ಡಿ, ಕಡ್ಡಿಗೆ ಸೂಜಿಮೊನೆ. ಅದಕ್ಕೆ ಎಲ್ಲರೂ ಗೇಜು ಅನ್ನುತ್ತಿದ್ದರು. ತಿರುಪು ತಿರುಗಿಸಿದರೆ ಮೊನೆ ಕೂದಲೆಳೆಯಷ್ಟು ಇಳಿಯುತ್ತದೆ. ನೀರಿನೊಳಗೆ ಕಾಣುವ ತನ್ನದೇ ಮೊನೆಯ ಬಿಂಬಕ್ಕೆ ಅದು ತಾಗಿದ ಕ್ಷಣ ಪಕ್ಕದ ಅಳತೆಪಟ್ಟಿ ಓದಿ ಪುಸ್ತಕಕ್ಕೆ ಬರೆಯಬೇಕು. ಅಷ್ಟೇ ಕೆಲಸ. ಅಷ್ಟೇ ಕೆಲಸವನ್ನು ಅವಳು ಇಪ್ಪತ್ತೆಂಟು ವರ್ಷ ಮಾಡಿದ್ದಳು.

ಸೇರಿದ್ದು ಮಾತ್ರ ಮರಳು ಜರಡಿ ಹಿಡಿಯುವ ಕೆಲಸಕ್ಕೆ. ಆಗ ಗೇಜು ಓದುತ್ತಿದ್ದವನು ಒಬ್ಬ ಮುದುಕ ಮೇಸ್ತ್ರಿ. ಅವನ ಕಣ್ಣಿಗೆ ಪೊರೆ ಬಂದಿತ್ತು. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದುದರಿಂದ ಆ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಬೆಳಗ್ಗೆ ಅವನು "ಮುನ್ನೂರ ಹದಿನೆಂಟೂವರೆ" ಎಂದು ಕೂಗಿದಾಗ, ಜರಡಿ ಹಿಡಿದಿದ್ದ ಇವಳು ಪಕ್ಕಕ್ಕೆ ಬಂದು ಬಗ್ಗಿ ನೋಡಿ, "ಮೊನೆ ನೀರು ಬಿಟ್ಟು ಮೇಲೆ ಬಂದಿದೆ ತಾತ, ನೀರು ಅಂಟಿಕೊಂಡು ಜೊತೆಗೇ ಎದ್ದಿದೆ. ಅರ್ಧ ಜಾಸ್ತಿ ಹೇಳ್ತಿದೀರ" ಅಂದಳು. ಮೇಸ್ತ್ರಿ ಸಿಟ್ಟಾಗಲಿಲ್ಲ. ಅವನಿಗೆ ಬೇಕಾಗಿದ್ದು ಅಂಥದೇ ಎರಡು ಕಣ್ಣು. ಮರುದಿನದಿಂದ ಅವಳು ಓದಿದಳು, ಅವನು ಸ್ಟೂಲಿನ ಮೇಲೆ ಕೂತು ಕೂಗಿದ. ಅವನು ಹೋದ ಮೇಲೆ ಸ್ಟೂಲೂ ಅವಳದೇ ಆಯಿತು, ಆದರೆ ಅವಳು ಅದರ ಮೇಲೆ ಕೂತದ್ದನ್ನು ಕಂಡವರಿಲ್ಲ.

ಇಂಥ ಹೆಂಗಸನ್ನು ಕಟ್ಟಿಕೊಂಡವನು ದರ್ಜಿ. ಪೇಟೆ ಬೀದಿಯ ಮೂಲೆಯಲ್ಲಿ ಅವನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅವನೂ ದಿನಾ ಅಳತೆ ತೆಗೆಯುವವನೇ, ಆದರೆ ಅವನ ಟೇಪು ಗಿರಾಕಿಯ ಮುಖ ನೋಡಿ ಮಾತಾಡುತ್ತಿತ್ತು. "ಮನುಷ್ಯ ಅಂದ್ಮೇಲೆ ಉಸಿರಾಡ್ತಾನೆ, ಉಣ್ತಾನೆ, ಉಬ್ತಾನೆ. ಒಂದಿಂಚು ಬಿಡದೇ ಇರೋಕಾಗುತ್ತೇನೇ?" ಅನ್ನುವವನು. ಮನೆಯಲ್ಲಿ ಅವಳ ಅಳತೆಯ ಕಾಟಕ್ಕೆ ಹೆಚ್ಚು ಸಿಕ್ಕಿದ್ದು ಅತ್ತೆ. ಸೊಸೆ ಹಾಲಿನ ಪಾತ್ರೆಯ ಒಳಗೆ ಮೊಳೆಯಿಂದ ಗೀಟು ಎಳೆದಿಟ್ಟಿದ್ದಳು. "ನನ್ನ ಮಗನಿಗೆ ಹೆಂಡತಿ ತಂದೆ ಅಂದ್ಕೊಂಡಿದ್ದೆ, ತೂಕ ಅಳತೆ ಇಲಾಖೆಯೋಳನ್ನ ತಂದಿದೀನಿ" ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು. ಸೊಸೆ ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ನಿಜ ಹೇಳಬೇಕೆಂದರೆ ಅವಳ ಜೊತೆ ಬಾಳುವುದು ಸುಲಭವೂ ಇರಲಿಲ್ಲ. ಗೋಡೆಗೆ ಹಾಕಿದ ಫೋಟೊ ಒಂದು ಕಡೆ ವಾಲಿದ್ದರೆ ನೆಂಟರ ಮನೆಯಲ್ಲೂ ಎದ್ದು ಸರಿ ಮಾಡಿ ಬರುತ್ತಿದ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಸಂಶೋಧನಾಲಯಕ್ಕೆ ಗ್ರಾಫ್ ಸಾಹೇಬನ ಆಗಮನವಾಯಿತು.

ಈತ ದೊಡ್ಡ ಓದು ಓದಿ ಬಂದ ವಿಜ್ಞಾನಿ. ನದಿಯನ್ನು ಕಂಪ್ಯೂಟರಿನೊಳಗೇ ಹರಿಸಬಲ್ಲೆ ಅನ್ನುವುದು ಅವನ ಹೆಗ್ಗಳಿಕೆ. ಹರಿಸುತ್ತಲೂ ಇದ್ದ. ಪರದೆಯ ಮೇಲೆ ಅವನ ನದಿ ನೀಲಿ, ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಎಷ್ಟು ಚೆಂದ ಹರಿಯುತ್ತಿತ್ತೆಂದರೆ ನಿಜವಾದ ನದಿಗಳು ನೋಡಿ ನಾಚಬೇಕು. ಅದರಲ್ಲಿ ಕಸ ಇಲ್ಲ, ಕೊಚ್ಚೆ ಇಲ್ಲ, ಕೊಚ್ಚಿ ಬಂದ ಮರದ ದಿಮ್ಮಿ ಇಲ್ಲ. ಮರಳಿನ ಕಣಗಳೆಲ್ಲ ಒಂದೇ ಗಾತ್ರ, ಒಂದೇ ಬುದ್ಧಿ. ಸಾಹೇಬ ಮಾತ್ರ ಶೆಡ್ಡಿನ ಬಾಗಿಲು ದಾಟಿ ಒಳಗೆ ಬಂದವನಲ್ಲ. ಅವನ ಬೂಟು ಒಳ್ಳೇ ಬೂಟು, ಶೆಡ್ಡಿನ ನೆಲ ಯಾವಾಗಲೂ ಒದ್ದೆ.

ಅವನ ಮೇಲೆ ನಿರ್ದೇಶಕರು. ಅವರಿಗೆ ಆಯ್ತಪ್ಪ ಸಾಹೇಬರು ಅಂತ ಹೆಸರು ಬಿದ್ದಿತ್ತು, ಯಾಕೆಂದರೆ ಯಾರು ಏನು ಹೇಳಿದರೂ "ಆಯ್ತಪ್ಪ" ಅನ್ನುತ್ತಿದ್ದರು. ಬೆಳಗ್ಗೆ ಒಬ್ಬನಿಗೆ ಆಯ್ತಪ್ಪ, ಮಧ್ಯಾಹ್ನ ಅದಕ್ಕೆ ತದ್ವಿರುದ್ಧ ಹೇಳಿದವನಿಗೂ ಆಯ್ತಪ್ಪ. ಸಂಜೆ ಹೊತ್ತಿಗೆ ಯಾರ ಬಾಯಿ ದೊಡ್ಡದೋ ಅವರ ಕೆಲಸ ಆಗುತ್ತಿತ್ತು. ಗ್ರಾಫ್ ಸಾಹೇಬನ ಬಾಯಿ ಸಾಕಷ್ಟು ದೊಡ್ಡದಿತ್ತು.

ಆ ವರ್ಷ ಒಂದು ಸೇತುವೆಯ ಕೆಲಸ ಬಂತು. ಅಗಲವಾದ ನದಿ, ನಡುನೀರಿನಲ್ಲಿ ಕಂಬಗಳು. ಪ್ರವಾಹ ಬಂದಾಗ ನೀರು ಕಂಬದ ಬುಡದಲ್ಲಿ ಸುಳಿ ತಿರುಗಿ ಮರಳನ್ನು ಕೊರೆದು ಗುಂಡಿ ಮಾಡುತ್ತದೆ. ಗುಂಡಿ ಪಾಯಕ್ಕಿಂತ ಆಳ ಹೋಯಿತೋ, ಕಂಬ ಕುಸಿಯಿತು ಅಂತಲೇ ಲೆಕ್ಕ. ಹಾಗಾಗಿ ಕೊರೆತ ಎಷ್ಟು ಆಳ ಹೋಗುತ್ತದೆ ಅಂತ ಮೊದಲೇ ಹೇಳಬೇಕು. ಗ್ರಾಫ್ ಸಾಹೇಬ ತನ್ನ ಬಣ್ಣದ ನದಿಯನ್ನು ಒಂದು ವಾರ ಹರಿಸಿ ನಾಲ್ಕು ಮೀಟರ್ ತೊಂಬತ್ತು ಅಂದ. ನಿರ್ದೇಶಕರು ಆಯ್ತಪ್ಪ ಅಂದರು. ಸೇತುವೆ ಇಲಾಖೆಗೆ ಪತ್ರವೂ ಹೋಯಿತು. ಪದ್ಧತಿ ಬಿಡಬಾರದು ಅಂತ, ಪತ್ರ ಹೋದ ಮೇಲೆ, ಶೆಡ್ಡಿನಲ್ಲಿ ಐವತ್ತಕ್ಕೆ ಒಂದು ಪ್ರಮಾಣದ ಕಂಬ ನಿಲ್ಲಿಸಿ ನೀರು ಬಿಡಲು ಹೇಳಿದರು. ಉತ್ತರ ಮೊದಲು ಕೊಟ್ಟು ಪರೀಕ್ಷೆ ಆಮೇಲೆ ಮಾಡುವುದು ದೊಡ್ಡವರಿಗೆ ಮಾತ್ರ ಸಿಗುವ ಸವಲತ್ತು.

ಐವತ್ತಕ್ಕೆ ಒಂದರ ಲೆಕ್ಕದಲ್ಲಿ ಮಾದರಿಯ ಗುಂಡಿ ತೊಂಬತ್ತೆಂಟು ಮಿಲ್ಲಿಮೀಟರ್ ಆಳ ಬರಬೇಕಿತ್ತು. ಎರಡು ದಿನ ಪಂಪು ಓಡಿಸಿ, ನಿಧಾನಕ್ಕೆ ನೀರಿಳಿಸಿ, ಗುಂಡಿಯ ತಳಕ್ಕೆ ಮೊನೆ ತಾಗಿಸಿ ಅರೆಮಿಲ್ಲಿ ಓದಿದಳು. ನೂರ ನಲವತ್ತೆರಡು.

ಅವಳು ಯಾರಿಗೂ ಹೇಳದೆ ಮರಳು ಸಮ ಮಾಡಿಸಿ ಮತ್ತೆ ಓಡಿಸಿದಳು. ನೂರ ನಲವತ್ತೊಂದೂವರೆ. ಮೂರನೇ ಸಲ ನೂರ ನಲವತ್ತೆರಡೂವರೆ. ಹೀಗೆ ಏಳು ಸಲ ಆದ ಮೇಲೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮಹಡಿ ಹತ್ತಿದಳು.

ಗ್ರಾಫ್ ಸಾಹೇಬ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಮೂಲೆಯಲ್ಲಿ ನೀರಿನ ಕಲೆ ಇತ್ತು.

"ಏನಮ್ಮ ಇದು?"

"ಕೊರೆತದ ಆಳ ಸರ್. ನಿಜವಾದ ನದಿಗೆ ಏಳು ಮೀಟರ್ ಹತ್ತು ಸೆಂಟಿಮೀಟರ್ ಬರುತ್ತೆ."

"ನಾಲ್ಕು ತೊಂಬತ್ತು ಅಂತ ಪತ್ರ ಕಳಿಸಿ ಆಗಿದೆಯಲ್ಲ."

"ಪತ್ರ ಕಳಿಸಿದ್ದು ಮರಳಿಗೆ ಗೊತ್ತಿಲ್ಲ ಸರ್."

ಅವಳು ಅದನ್ನು ಕುಹಕಕ್ಕೆ ಹೇಳಿದ್ದಲ್ಲ. ಅವಳಿಗೆ ಕುಹಕ ಬರುತ್ತಲೇ ಇರಲಿಲ್ಲ. ಆದರೆ ಪಕ್ಕದ ಮೇಜಿನ ಟೈಪಿಸ್ಟ್ ಕಿಸಕ್ಕನೆ ನಕ್ಕುಬಿಟ್ಟಳು, ಸಾಹೇಬನ ಕಿವಿ ಕೆಂಪಾಯಿತು. ಅಲ್ಲಿಂದ ಶುರು.

ಮೊದಲು ಗೇಜಿನ ಮೇಲೆ ಅನುಮಾನ. ಗೇಜು ಪರೀಕ್ಷೆಗೆ ಹೋಯಿತು, ಸರಿ ಇದೆ ಅಂತ ಮುದ್ರೆ ಹೊಡೆಸಿಕೊಂಡು ಬಂತು. ಆಮೇಲೆ ಮರಳಿನ ಮೇಲೆ ಅನುಮಾನ. ಹೊಸ ಮರಳು ಬಂತು, ಗುಂಡಿ ಹಳೆಯದರಷ್ಟೇ ಆಳವಾಯಿತು. ಆಮೇಲೆ ಉಳಿದದ್ದು ಅವಳ ಕಣ್ಣು. "ಕಣ್ಣಿಂದ ಓದೋ ಕಾಲ ಹೋಯ್ತು ಸರ್" ಎಂದು ಸಾಹೇಬ ನಿರ್ದೇಶಕರ ಹತ್ತಿರ ಹೇಳಿ, ಲೇಸರ್ ಕಿರಣದಿಂದ ಅಳೆಯುವ ಹೊಸ ಯಂತ್ರ ತರಿಸಿದ. ಡಬ್ಬಿ ಬಿಚ್ಚುವ ದಿನ ನಿರ್ದೇಶಕರು ಖುದ್ದಾಗಿ ಶೆಡ್ಡಿಗೆ ಬಂದರು. ಯಂತ್ರ ಕೆಂಪು ಚುಕ್ಕೆ ಬಿಟ್ಟು, ಎರಡು ಸಲ ಕೂಗಿ, ನೂರ ನಲವತ್ಮೂರು ತೋರಿಸಿತು. ನಿರ್ದೇಶಕರು ಆಯ್ತಪ್ಪ ಅಂದರು. ಗ್ರಾಫ್ ಸಾಹೇಬ ಬಾಗಿಲ ಹೊರಗಿನಿಂದಲೇ ಕತ್ತು ಚಾಚಿ ನೋಡಿದ. ಮರುದಿನ ಯಂತ್ರ ಕೆಟ್ಟಿದೆ ಅಂತ ಕಂಪನಿಗೆ ವಾಪಸ್ ಹೋಯಿತು.

ಸಾಹೇಬ ಸುಮ್ಮನೆ ಕೂರುವವನಲ್ಲ. ಹಳೆಯ ಪುಸ್ತಕಗಳನ್ನೆಲ್ಲ ತರಿಸಿ ಕೆದಕಿದ. ಹದಿನೈದು ವರ್ಷದ ಹಿಂದೆ ಅವಳು ಒಂದು ಅಣೆಕಟ್ಟಿನ ಮಾದರಿಯಲ್ಲಿ ಇಡೀ ಒಂದು ಸೆಂಟಿಮೀಟರ್ ತಪ್ಪು ಓದಿದ್ದು ಸಿಕ್ಕಿತು. ಪುಸ್ತಕ ಅವಳ ಮುಂದೆ ಹಿಡಿದು, "ಇದು ನಿಮ್ಮ ಕೈಬರಹವೇ ತಾನೇ?" ಅಂದ, ಕಳ್ಳನನ್ನು ಹಿಡಿದ ಗೆಲುವಿನಲ್ಲಿ.

"ನಂದೇ ಸರ್. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತಪ್ಪಾಗಿದೆ ಅಂತ ಬರ್ದಿರೋದೂ ನನ್ನದೇ ಕೈಬರಹ. ಅವತ್ತು ಹದಿನಾಲ್ಕು ದಿನದ ಕೆಲಸ ಮತ್ತೆ ಮಾಡಿಸ್ದೆ. ಎಲ್ರೂ ಬೈದ್ರು."

ಅದು ನಿಜ. ಬೈದದ್ದು ಅಷ್ಟಿಷ್ಟಲ್ಲ. ಒಂದು ವಾರ ಅವಳ ಜೊತೆ ಯಾರೂ ಊಟಕ್ಕೆ ಕೂತಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳೂ ಆ ವಾರ ಊಟದ ಡಬ್ಬಿ ಒಬ್ಬಳೇ ತೆಗೆದು, ಗೋಡೆ ನೋಡಿಕೊಂಡು ಉಂಡು, ಹೇಳಬಾರದಿತ್ತೇನೋ ಅಂತ ಒಂದೆರಡು ಸಲ ಅಂದುಕೊಂಡಿದ್ದಳು. ಆದರೆ ಹೇಳಿ ಆಗಿತ್ತು.

ಕೊನೆಗೆ ಸಾಹೇಬನ ತಲೆಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಅವಳು ಓದಿದ್ದನ್ನು ತಪ್ಪು ಅನ್ನುವುದು ಯಾಕೆ? ತಿದ್ದಿದರಾಯಿತು. ತೊಂಬತ್ತೆಂಟನ್ನು ನೂರ ನಲವತ್ತೆರಡರಿಂದ ಭಾಗಿಸಿದ. ಸೊನ್ನೆ ಪಾಯಿಂಟ್ ಆರು ಒಂಬತ್ತು ಬಂತು. ಅದಕ್ಕೆ ಸಮನ್ವಯ ಗುಣಕ ಅಂತ ಹೆಸರಿಟ್ಟ. ಚಿಕ್ಕ ಮಾದರಿಯಲ್ಲಿ ಮರಳು ಅತಿಯಾಗಿ ವರ್ತಿಸುತ್ತದೆ, ಆದ್ದರಿಂದ ಮಾದರಿಯ ಓದುಗಳನ್ನೆಲ್ಲ ಈ ಗುಣಕದಿಂದ ಗುಣಿಸತಕ್ಕದ್ದು ಎಂದು ಹನ್ನೆರಡು ಪುಟದ ಪ್ರಬಂಧ ಬರೆದ. ಗುಣಿಸಿದ ಮೇಲೆ ಅವಳ ಓದು ಅವನ ನದಿಯ ಪಕ್ಕದಲ್ಲಿ ಕೈ ಕಟ್ಟಿ ನಿಂತಿತು. "ಗಣಕಕ್ಕೂ ಮಾದರಿಗೂ ಅತ್ಯುತ್ತಮ ಹೊಂದಾಣಿಕೆ" ಎಂದು ವರದಿಯಲ್ಲಿ ದಪ್ಪಕ್ಷರದಲ್ಲಿ ಬಂತು. ಉತ್ತರದಿಂದ ಗುಣಕ ತೆಗೆದು, ಗುಣಕದಿಂದ ಅದೇ ಉತ್ತರ ತೆಗೆದರೆ ಹೊಂದಾಣಿಕೆ ಆಗದೆ ಇನ್ನೇನು ಆಗುತ್ತದೆ ಅಂತ ಯಾರೂ ಕೇಳಲಿಲ್ಲ. ಪ್ರಬಂಧ ಓದಿದ ಇಬ್ಬರು ಪರೀಕ್ಷಕರು ಅಲ್ಪವಿರಾಮದ ತಪ್ಪು ಮಾತ್ರ ತೋರಿಸಿದ್ದರು.

ಒಂದು ತೊಡಕು ಉಳಿಯಿತು. ವರದಿಯ ಜೊತೆ ಹೋಗುವ ಹೊಸ ಅಳತೆಪುಸ್ತಕದಲ್ಲಿ ತೊಂಬತ್ತೆಂಟು ಅಂತ ಬರೆದು, 'ಓದಿದವರು' ಅನ್ನುವ ಕಡೆ ಅವಳ ಸಹಿ ಬೇಕಿತ್ತು. ನಿರ್ದೇಶಕರ ಕೋಣೆಗೆ ಕರೆಸಿದರು.

"ಒಂದು ಸಹಿ ಅಷ್ಟೇ ಅಮ್ಮ" ಅಂದರು ನಿರ್ದೇಶಕರು.

"ನಾನು ತೊಂಬತ್ತೆಂಟು ಓದಿಲ್ವಲ್ಲ ಸರ್."

"ಓದಿದ್ದೀರಿ ಅಂತಲ್ಲ. ಓದಿ, ಗುಣಿಸಿದ್ದು."

"ಹಾಗಾದ್ರೆ 'ಗುಣಿಸಿದವರು' ಅಂತ ಒಂದು ಕಾಲಂ ಹಾಕಿ. ಅಲ್ಲಿ ಸರ್ ಸಹಿ ಮಾಡ್ಲಿ."

ಗ್ರಾಫ್ ಸಾಹೇಬ ಮುಂದೆ ಬಗ್ಗಿದ. "ನೋಡಮ್ಮ, ಇದರಲ್ಲಿ ಹತ್ತಾರು ಸಮೀಕರಣ ಇದೆ. ನಿಮಗೆ ಅರ್ಥ ಆಗೋ ವಿಷಯ ಅಲ್ಲ."

"ಇಲ್ಲ ಸರ್, ಅರ್ಥ ಆಗಲ್ಲ. ಗುಂಡಿ ಆಳ ಇದೆ ಅನ್ನೋದು ಮಾತ್ರ ಅರ್ಥ ಆಗುತ್ತೆ."

ನಿರ್ದೇಶಕರು ಅಭ್ಯಾಸಬಲದಿಂದ "ಆಯ್ತಮ್ಮ" ಅಂದುಬಿಟ್ಟು, ಸಾಹೇಬನ ಮುಖ ನೋಡಿ ಕೆಮ್ಮಿದರು. ಅವಳು ಪೆನ್ನು ತೆಗೆದುಕೊಂಡಳು. ಇಬ್ಬರೂ ಉಸಿರು ಬಿಟ್ಟರು. ಅವಳು 'ಓದಿದವರು' ಅನ್ನುವ ಕಡೆ ದುಂಡಗೆ ಬರೆದಳು: ನಾನು ಓದಿದ್ದು ೧೪೨. ಗುಣಿಸಿದ್ದು ನಾನಲ್ಲ. ಕೆಳಗೆ ಸಹಿ, ದಿನಾಂಕ.

ಒಂದು ವಾರದಲ್ಲಿ ಅವಳಿಗೆ ಉಗ್ರಾಣಕ್ಕೆ ವರ್ಗವಾಯಿತು. ಏಳು ಓದುಗಳಿದ್ದ ಹಳೆಯ ಪುಸ್ತಕವನ್ನೂ ಅವಳು ಸಹಿ ಹಾಕಿದ ಪುಸ್ತಕವನ್ನೂ ಬಳಕೆಗೆ ಅಯೋಗ್ಯ ಅಂತ ಷರಾ ಹಾಕಿ ಅವಳ ಹಿಂದೆಯೇ ಉಗ್ರಾಣಕ್ಕೆ ಕಳಿಸಿದರು. ಇನ್ನೊಂದು ಹೊಸ ಪುಸ್ತಕಕ್ಕೆ ಸಹಿ ಹಾಕಲು ಪಂಪಿನವನು ಸಿಕ್ಕಿದ. ಅವನು ಏನು ಬರೆದಿದೆ ಅಂತಲೂ ನೋಡಲಿಲ್ಲ.

ವರ್ಗದ ಆದೇಶ ಕೈಗೆ ಬಂದ ದಿನ ಮಧ್ಯಾಹ್ನವೇ ಮನೆಗೆ ಬಂದವಳು ಅಂಗಡಿಯ ಬೆಂಚಿನ ಮೇಲೆ ಕೂತಳು. ದರ್ಜಿ ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದ. ಆಮೇಲೆ ಹಣೆ ಚಚ್ಚಿಕೊಂಡ.

"ಅಯ್ಯೋ ದಡ್ಡಿ! ನನ್ನ ಹತ್ರ ಬರೋ ಗಂಡಸರೆಲ್ಲ ನಂದು ಮೂವತ್ತೆರಡು ಸೊಂಟ ಅಂತಾರೆ. ಟೇಪು ಹಿಡಿದ್ರೆ ಮೂವತ್ತೆಂಟು. ನಾನೇನು ಜಗಳ ಆಡ್ತೀನಾ? ಹೌದು ಸ್ವಾಮಿ ಮೂವತ್ತೆರಡೇ ಅಂತ ಚೀಟಿಗೆ ಬರೀತೀನಿ, ಬಟ್ಟೆ ಮೂವತ್ತೆಂಟಕ್ಕೆ ಕತ್ತರಿಸ್ತೀನಿ. ಅವನಿಗೂ ಖುಷಿ, ಪ್ಯಾಂಟೂ ಹರಿಯಲ್ಲ."

"ನಾನು ಬಟ್ಟೆ ಕತ್ತರಿಸೋಳಲ್ಲ ಕಣ್ರೀ. ನನ್ನದು ಚೀಟಿ ಬರೆಯೋ ಕೆಲಸ ಮಾತ್ರ. ಚೀಟೀಲೇ ಸುಳ್ಳು ಬರೆದ್ರೆ ಕತ್ತರಿಸೋನು ಏನು ಮಾಡ್ತಾನೆ?"

ದರ್ಜಿ ಕತ್ತರಿ ಮತ್ತೆ ಎತ್ತಿಕೊಂಡ. ಒಳಗಿನಿಂದ ಅತ್ತೆ, "ಇನ್ಮೇಲೆ ಇಡೀ ದಿನ ಮನೇಲೇ ಇರ್ತಾಳೇನೋ?" ಎಂದು ಗಾಬರಿಯಿಂದ ಕೇಳಿದಳು. ಇಲ್ಲ, ಉಗ್ರಾಣಕ್ಕೆ ಹೋಗ್ತಾಳೆ ಅಂತ ಕೇಳಿದ ಮೇಲೆ ಸಮಾಧಾನವಾಯಿತು.

ಉಗ್ರಾಣ ಅಂದರೆ ಶೆಡ್ಡಿನ ಹಿಂದಿನ ಕತ್ತಲೆ ಕೋಣೆ. ತುಕ್ಕು ಹಿಡಿದ ಗೇಜುಗಳು, ಒಡೆದ ಗಾಜಿನ ಕೊಳವೆಗಳು, ಕಟ್ಟು ಕಟ್ಟು ಹಳೇ ಪುಸ್ತಕಗಳು. ಅವಳು ಹದಿನೈದು ದಿನದಲ್ಲಿ ಎಲ್ಲಕ್ಕೂ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದಳು. ಕಪಾಟಿನ ಹಲಗೆಗಳು ಎರಡು ಮಿಲ್ಲಿ ವಾಲಿದ್ದವು, ಅದನ್ನೂ ಸರಿ ಮಾಡಿದಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಗೋಡೆಯ ಆಚೆ ಪಂಪು ಹೊರಡುವ ಸದ್ದು ಕೇಳಿದಾಗಲೆಲ್ಲ ಅವಳ ಬಲಗೈಯ ಹೆಬ್ಬೆರಳು ತೋರುಬೆರಳು ತಾವಾಗಿ ತಿರುಪು ತಿರುಗಿಸುತ್ತಿದ್ದವು.

ಒಂದು ಬೆಳಗ್ಗೆ ಕೆಸರು ಮೆತ್ತಿದ ಬೂಟಿನ ಒಬ್ಬ ಮನುಷ್ಯ ಉಗ್ರಾಣದ ಬಾಗಿಲಲ್ಲಿ ನಿಂತ. ಸೇತುವೆ ಕಟ್ಟುವ ಜಾಗದ ಎಂಜಿನಿಯರ್. ಐವತ್ತು ದಾಟಿದ ವಯಸ್ಸು, ಬಿಸಿಲಿಗೆ ಕರಕಲಾದ ಮುಖ. ಮಹಡಿಯ ಮೇಲೆ ಅವನಿಗೆ ವರದಿ ಕೊಟ್ಟಿದ್ದರು, ಬಣ್ಣದ ನದಿ ತೋರಿಸಿದ್ದರು.

"ವರದಿ ನೋಡ್ದೆ. ಗುಣಕ ಗಿಣಕ ಏನೂ ತಲೆಗೆ ಹೋಗಲಿಲ್ಲ. ಗುಣಿಸೋಕೆ ಮುಂಚೆ ಏನಿತ್ತು ಅಂತ ಕೇಳ್ದೆ. ಹಳೇದೆಲ್ಲ ಉಗ್ರಾಣದಲ್ಲಿ ಅಂದ್ರು."

ಅವಳು ಎರಡೂ ಪುಸ್ತಕ ತೆಗೆದು ಬಿಚ್ಚಿಟ್ಟಳು. ಅವನು ಏಳು ಓದುಗಳನ್ನೂ ಬೆರಳಿಟ್ಟು ನೋಡಿದ. ಕೊನೆಗೆ ಅವಳು ಬರೆದಿದ್ದ ಸಾಲು ನೋಡಿ, "ಇದು ನೀವೇನಾ?" ಅಂದ.

"ಹೌದು."

"ಎಷ್ಟು ನಂಬಬಹುದು?"

"ಒಂದೂವರೆ ಮಿಲ್ಲಿ ಆಚೆ ಈಚೆ. ಅದಕ್ಕಿಂತ ಜಾಸ್ತಿ ಇಲ್ಲ. ನದಿ ಈ ಶೆಡ್ಡಿನ ಹಾಗೇ ನಡ್ಕೊಳ್ಳುತ್ತೆ ಅಂತ ನಾನು ಹೇಳಲ್ಲ ಸರ್. ಶೆಡ್ಡಿನಲ್ಲಿ ಏನಾಯ್ತು ಅಂತ ಮಾತ್ರ ಹೇಳ್ತೀನಿ."

ಅವನು ಜೇಬಿನ ಪುಸ್ತಕದಲ್ಲಿ ಒಂದೇ ಒಂದು ಅಂಕಿ ಬರೆದುಕೊಂಡು ಹೋದ. ವರದಿಯ ಪ್ರಕಾರ ಪಾಯ ಆರೂವರೆ ಮೀಟರಿಗೆ ಹೋದರೆ ಸಾಕಿತ್ತು. ಅವನು ಒಂಬತ್ತೂವರೆಗೆ ಇಳಿಸಿದ. ಯಾಕೆ ಅಂತ ಇಲಾಖೆ ಕೇಳಿದ್ದಕ್ಕೆ "ಗಟ್ಟಿ ನೆಲ ಸಿಗಲಿಲ್ಲ" ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡ. ಗುಣಕವನ್ನು ನಂಬಲಿಲ್ಲ ಅಂತ ಬರೆದಿದ್ದರೆ ಮೂರು ಸಮಿತಿ ಕೂರುತ್ತಿದ್ದವು. ದರ್ಜಿಗೆ ಈ ಸುದ್ದಿ ಗೊತ್ತಾದಾಗ ಒಂದು ದಿನ ಪೂರ್ತಿ ಎದೆ ಉಬ್ಬಿಸಿಕೊಂಡು ತಿರುಗಿದ. ಎಂಜಿನಿಯರುಗಳಿಗೂ ತನ್ನ ವಿದ್ಯೆಯೇ ಬೇಕಾಯಿತಲ್ಲ ಅಂತ.

ಸೇತುವೆ ಎದ್ದು ನಿಂತಿತು. ಎರಡನೇ ಮಳೆಗಾಲದಲ್ಲಿ, ಹಿಂದೆ ಯಾರೂ ಕಾಣದಂಥ ಪ್ರವಾಹ ಬಂತು. ನದಿಯ ಮೇಲ್ಭಾಗದ ಹಳೇ ಸೇತುವೆಯೊಂದು ಕೊಚ್ಚಿಹೋಯಿತು. ಇದು ಅಲುಗಲಿಲ್ಲ. ನೀರಿಳಿದ ಮೇಲೆ ಮುಳುಗುಗಾರರು ಕೆಳಗೆ ಹೋಗಿ ನೋಡಿದರು. ಕಂಬದ ಬುಡದಲ್ಲಿ ಕೊರೆತ ಆರು ಮೀಟರ್ ಎಂಬತ್ತು.

ಆರೂವರೆಗೆ ಪಾಯ ನಿಲ್ಲಿಸಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಲು ಕಂಪ್ಯೂಟರ್ ಬೇಡ, ಬೆರಳು ಸಾಕು. ಆದರೆ ಸಂಶೋಧನಾಲಯದಲ್ಲಿ ಬೆರಳು ಮಡಿಸುವ ಪದ್ಧತಿ ಇರಲಿಲ್ಲ. ಅಂಥ ಪ್ರವಾಹದಲ್ಲೂ ಸೇತುವೆ ನಿಂತಿದೆ, ಸೇತುವೆಯ ಲೆಕ್ಕ ಗ್ರಾಫ್ ಸಾಹೇಬನದು, ಆದ್ದರಿಂದ ಗ್ರಾಫ್ ಸಾಹೇಬನ ಲೆಕ್ಕ ಸರಿ. ಅವನಿಗೆ ಪ್ರಶಸ್ತಿ ಬಂತು. ಸಭಾಂಗಣದಲ್ಲಿ ದೊಡ್ಡ ಸಮಾರಂಭ. ಬಣ್ಣದ ನದಿಯನ್ನು ಗೋಡೆಯಗಲ ಪರದೆಯ ಮೇಲೆ ಹರಿಸಿದರು. ನಿರ್ದೇಶಕರು ಭಾಷಣದಲ್ಲಿ, "ಪ್ರಕೃತಿಯೇ ನಮ್ಮ ಗುಣಕಕ್ಕೆ ಸಹಿ ಹಾಕಿದೆ" ಅಂದರು. ಹಿಂದಿನ ಸಾಲಿನಲ್ಲಿ, ಉಗ್ರಾಣದ ಸಿಬ್ಬಂದಿಗೆ ಮೀಸಲಿಟ್ಟ ಕುರ್ಚಿಯಲ್ಲಿ ಅರೆಮಿಲ್ಲಿ ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳೂ ತಟ್ಟಲು ಹೋಗಿ, ಕೈ ಎತ್ತಿ, ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡಳು. ಸೇತುವೆ ನಿಂತದ್ದಕ್ಕೆ ಅವಳಿಗೂ ಖುಷಿಯಿತ್ತು. ಚಪ್ಪಾಳೆ ಯಾತಕ್ಕೆ ಅನ್ನುವುದು ಮಾತ್ರ ತೀರ್ಮಾನವಾಗಲಿಲ್ಲ.

ಮುಂದಿನ ತಿಂಗಳು ಸಾಹೇಬನ ಎರಡನೇ ಪ್ರಬಂಧ ಬಂತು. ಸಮನ್ವಯ ಗುಣಕವನ್ನು ಸೊನ್ನೆ ಪಾಯಿಂಟ್ ಆರು ಒಂಬತ್ತರಿಂದ ಸೊನ್ನೆ ಪಾಯಿಂಟ್ ಒಂಬತ್ತು ಆರಕ್ಕೆ ಪರಿಷ್ಕರಿಸಲಾಗಿದೆ ಅಂತ. ಅಂದರೆ ಮಾದರಿಯ ಓದು ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು ಅಂತ. ಅದನ್ನು ಹೇಳಲು ಈ ಸಲ ಹದಿನೆಂಟು ಪುಟ ಬೇಕಾಗಿತ್ತು. ಪರೀಕ್ಷಕರು ಈ ಸಲ ಅಲ್ಪವಿರಾಮದ ತಪ್ಪೂ ಹುಡುಕಲಿಲ್ಲ.

ಎಂಜಿನಿಯರ್ ಮುಳುಗುಗಾರರ ವರದಿಯ ಒಂದು ಪ್ರತಿಯನ್ನು ಅವಳಿಗೆ ಅಂಚೆಯಲ್ಲಿ ಕಳಿಸಿದ. ನೋಡಿ ಹಿಗ್ಗುತ್ತಾಳೆ ಅಂದುಕೊಂಡಿದ್ದನೇನೋ. ಅವಳಿಗೆ ಸಿಟ್ಟು ಬಂತು. ವರದಿಯಲ್ಲಿ "ಸುಮಾರು ಆರು ಮೀಟರ್ ಎಂಬತ್ತು" ಅಂತ ಇತ್ತು. "ಸುಮಾರು ಅಂದ್ರೆ ಎಷ್ಟು?" ಎಂದು ಅವಳು ಅವನಿಗೆ ವಾಪಸ್ ಪತ್ರ ಬರೆದಳು. "ಹತ್ತು ಸೆಂಟಿಮೀಟರಾ, ಐವತ್ತಾ? ಅಳತೆ ಕೋಲು ನೇರ ನಿಲ್ಲಿಸಿದ್ರಾ, ವಾಲಿತ್ತಾ? ಎಷ್ಟು ಸಲ ಅಳೆದ್ರು?" ಎಂಜಿನಿಯರ್ ಆ ಪತ್ರವನ್ನು ಎರಡು ಸಲ ಓದಿ, ಗಟ್ಟಿಯಾಗಿ ನಕ್ಕು, ಜೋಪಾನವಾಗಿ ಎತ್ತಿಟ್ಟ.

ಅಷ್ಟರಲ್ಲಿ ಶೆಡ್ಡಿನಲ್ಲಿ ಬೇರೆಯೇ ಪವಾಡ ನಡೆಯುತ್ತಿತ್ತು. ಪಂಪಿನವನೇ ಈಗ ಗೇಜು ಓದುತ್ತಿದ್ದ. ಎಷ್ಟು ಬರಬೇಕು ಅಂತ ಮೊದಲೇ ಮಹಡಿಯಿಂದ ಚೀಟಿ ಬರುತ್ತಿತ್ತು, ಅಷ್ಟೇ ಬರುತ್ತಿತ್ತು. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಸಲವೂ ತಪ್ಪಿರಲಿಲ್ಲ. ನಿರ್ದೇಶಕರು ಸಭೆಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಹೊಸ ಅಣೆಕಟ್ಟಿನ ಇಲಾಖೆಯಿಂದ ನಾಲ್ವರು ಪರಿಶೀಲನೆಗೆ ಬಂದರು. ಅವರ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಬಡ್ತಿ ಸಿಕ್ಕಿ ಬಂದಿದ್ದ ಅದೇ ಎಂಜಿನಿಯರ್. ಬೂಟು ಈಗ ಸ್ವಲ್ಪ ಚೊಕ್ಕಟವಾಗಿತ್ತು. ಅಳತೆಪುಸ್ತಕ ತಿರುವಿ ಹಾಕಿ, ಕಾಲುವೆಯೊಳಗೆ ಇಣುಕಿ ಕೇಳಿದ:

"ತಳದ ಮರಳು ಪೂರ್ತಿ ಒಣಗಿಹೋಗಿದೆಯಲ್ಲ. ನೀರು ಯಾವತ್ತಿಂದ ಇಲ್ಲ?"

ಪಂಪಿನವನು ಪಾಪ, ಪಂಪಿನ ವಿಷಯದಲ್ಲಿ ಪ್ರಾಮಾಣಿಕ. "ಬೇರಿಂಗ್ ಹೋಗಿ ಇವತ್ತಿಗೆ ಹತ್ತು ದಿನ ಸರ್" ಅಂದ.

"ನಿನ್ನೆ ನೀರಿನ ಮಟ್ಟ ಇನ್ನೂರ ಏಳು ಅಂತ ಬರ್ದಿದೆ. ಮೊನ್ನೆಯೂ ಬರ್ದಿದೆ."

ನಿರ್ದೇಶಕರು ಆಯ್ತಪ್ಪ ಅನ್ನಲು ಬಾಯಿ ತೆರೆದು, ಯಾರಿಗೆ ಅಂತ ತಿಳಿಯದೆ ಮುಚ್ಚಿದರು. ಗ್ರಾಫ್ ಸಾಹೇಬ ಬಾಗಿಲ ಹೊರಗೇ ನಿಂತು ಅಲ್ಲಿನ ಗೋಡೆಯ ಮೇಲಿನ ಸ್ವಿಚ್ ಬೋರ್ಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಎಂಜಿನಿಯರ್ ಅಲ್ಲೇ ನಿಂತು ಎರಡು ಷರತ್ತು ಬರೆಸಿದ. ಗೇಜು ಓದುವವಳು ಉಗ್ರಾಣದಲ್ಲಿದ್ದಾಳೆ, ಅವಳೇ ಓದಬೇಕು. ಅವಳು ಓದಿದ್ದನ್ನು ಶಾಯಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಬೇಕು. ಗಣಕದ ಉತ್ತರವೂ ಇನ್ನೊಂದು ಲಕೋಟೆಯಲ್ಲಿ. ಎರಡನ್ನೂ ಒಡೆಯುವುದು ಒಂದೇ ಮೇಜಿನ ಮೇಲೆ, ಒಂದೇ ಹೊತ್ತಿಗೆ. ಒಪ್ಪದಿದ್ದರೆ ಕೆಲಸ ಬೇರೆ ಕಡೆಗೆ. ಆಯ್ತಪ್ಪ, ಆಯ್ತಪ್ಪ ಅಂದರು ನಿರ್ದೇಶಕರು, ಎರಡು ಸಲ.

ಅವಳು ಉಗ್ರಾಣದ ಬೀಗದ ಕೈ ಮೇಜಿನ ಮೇಲಿಟ್ಟು, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಶೆಡ್ಡಿಗೆ ಬಂದಳು. ಮೊದಲು ಗೇಜಿಗೆ ಎಣ್ಣೆ ಹಾಕಿದಳು, ಆಮೇಲೆ ಪಂಪಿನವನಿಗೆ ಚೆನ್ನಾಗಿ ಬೈದಳು.

ಮೊದಲ ಲಕೋಟೆಗಳಲ್ಲಿ ಗಣಕ ಒಂದು ಹೇಳಿತು, ಗೇಜು ಒಂದು ಹೇಳಿತು, ನಡುವೆ ಮೂವತ್ತು ಮಿಲ್ಲಿ ಅಂತರ. ಗುಣಕ ಹಚ್ಚಲು ಈಗ ದಾರಿ ಇರಲಿಲ್ಲ. ಅಂತರ ಎಲ್ಲಿಂದ ಬಂತು ಅಂತ ಹುಡುಕಲೇಬೇಕು. ಮೂರು ದಿನ ಮಹಡಿಯ ಮೇಲೆ ಗುದ್ದಾಡಿದ ಗ್ರಾಫ್ ಸಾಹೇಬ ನಾಲ್ಕನೇ ದಿನ ಹನ್ನೊಂದು ಗಂಟೆ ಹೊತ್ತಿಗೆ ಶೆಡ್ಡಿನ ಬಾಗಿಲಿಗೆ ಬಂದ. ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿದ, ಪ್ಯಾಂಟು ಮಡಿಸಿ ಒದ್ದೆ ನೆಲದ ಮೇಲೆ ಬೆಳ್ಳನೆಯ ಕಾಲಿಟ್ಟು ಬಂದ. ಪಂಪಿನವನು ಮುಖ ಆ ಕಡೆ ತಿರುಗಿಸಿಕೊಂಡ.

"ನಾನೇ ಒಂದ್ಸಲ ಓದ್ಲಾ?" ಅಂದ.

ಅವಳು ಜಾಗ ಬಿಟ್ಟಳು. ಮೊನೆ ಹೇಗೆ ಇಳಿಸಬೇಕು, ಬಿಂಬ ಎಲ್ಲಿ ನೋಡಬೇಕು, ಉಸಿರು ಯಾವಾಗ ಹಿಡಿಯಬೇಕು ಅಂತ ತೋರಿಸಿದಳು. ಸಾಹೇಬ ತಿರುಪು ಹಿಡಿದು ಬಗ್ಗಿದ. ಇನ್ನೂರ ಹದಿಮೂರೂವರೆ ಅಂದ. ಮತ್ತೆ ಮೇಲೆತ್ತಿ ಇಳಿಸಿದ, ಇನ್ನೂರ ಹದಿನೈದು. ಮತ್ತೊಂದು ಸಲ, ಇನ್ನೂರ ಹನ್ನೆರಡು. ಸೊಂಟ ಹಿಡಿದುಕೊಂಡು ನೆಟ್ಟಗಾದ. ಹಣೆಯ ಮೇಲೆ ಬೆವರಿತ್ತು.

"ಇದರಲ್ಲಿ ಯಾವುದು ಬರೀಲಿ?"

"ಮೂರೂ ಬರೀರಿ ಸರ್" ಅಂದಳು ಅವಳು, ಪುಸ್ತಕ ಅವನ ಕಡೆ ಸರಿಸಿ. "ಓದಿದವರು ಅಂತ ಇರೋ ಕಡೆ ನಿಮ್ಮ ಹೆಸರು ಹಾಕಿ."

ಅವನು ಬರೆದ. ಕೈ ಒದ್ದೆಯಾಗಿದ್ದರಿಂದ ಶಾಯಿ ಸ್ವಲ್ಪ ಹರಡಿತು. ಅವಳು ಮೂರು ಅಂಕಿಗಳನ್ನೂ ನೋಡಿ, ಇನ್ನೊಂದು ಹತ್ತು ಸಲ ಓದಿದರೆ ಕೈ ಕೂರುತ್ತದೆ ಅಂತ ಹೇಳಿ, ಮರಳು ಸಮ ಮಾಡುವ ಹಲಗೆ ತರಲು ಆ ಕಡೆ ಹೋದಳು.